ಸಾವಿರಕ್ಕೆ ಇಬ್ಬರೋ, ನೂರಕ್ಕೆ ಇಪ್ಪತ್ತೋ? ಪಿಟಿಎಸ್‌ಡಿ ಲೆಕ್ಕ ಓದುವ ಬಗೆ

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ನನ್ನ ವ್ಯಾಪ್ತಿಗೆ ಸುಮಾರು 5,000 ಜನ ಬರುತ್ತಾರೆ. ದೊಡ್ಡ ಆಘಾತದ ನಂತರ ಅದೇ ನೆನಪು, ಕೆಟ್ಟ ಕನಸು, ಬೆಚ್ಚುವುದು ಬಿಡದೆ ಕಾಡುವ ಪಿಟಿಎಸ್‌ಡಿ ಕಾಯಿಲೆ ಭಾರತದಲ್ಲಿ ಬರೀ ಶೇ 0.2 ಅಂತ ಒಂದು ಕಡೆ ಓದಿದೆ. ಇನ್ನೊಂದು ಕಡೆ ಶೇ 20, ಶೇ 30 ಅಂತಿದೆ. ಅದು ಸೈನಿಕರಿಗೆ ಬರೋದು, ನಮ್ಮೂರಾಗೆಲ್ಲಿಂದ ಬರಬೇಕು ಅಂತಾರೆ ಜೊತೆಯವರು. ಯಾವುದನ್ನು ನಂಬಬೇಕು? ನನ್ನ ಊರುಗಳಲ್ಲಿ ಎಷ್ಟು ಜನ ಇರಬಹುದು, ಯಾರ ಕಡೆ ಗಮನ ಕೊಡಬೇಕು?

ಉತ್ತರ: ನೀವು ಓದಿದ ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ. ಶೇ 0.2 ಅನ್ನುವುದು ಊರಿನ ಎಲ್ಲ ದೊಡ್ಡವರನ್ನೂ ಕೂಡಿಸಿ ತೆಗೆದ ಲೆಕ್ಕ. ಶೇ 20, 30 ಅನ್ನುವುದು ದೊಡ್ಡ ಪೆಟ್ಟು ತಿಂದವರನ್ನು ಮಾತ್ರ ಮುಂದೆ ಕೂಡಿಸಿಕೊಂಡು ತೆಗೆದ ಲೆಕ್ಕ. ಆದರೆ ನಿಮ್ಮ ಜೊತೆಯವರ ಮಾತು ಮಾತ್ರ ತಪ್ಪು. ಆ ತಪ್ಪಿನಿಂದಲೇ ನಮ್ಮ ಭಾಗದ ಎಷ್ಟೋ ಜನ ವರ್ಷಗಟ್ಟಲೆ ಸುಸ್ತಿನ ಗುಳಿಗೆ, ಬಿ ಕಾಂಪ್ಲೆಕ್ಸ್ ಸೂಜಿ, ತಾಯತ ಇಷ್ಟರಲ್ಲೇ ದಿನ ನೂಕುತ್ತಿದ್ದಾರೆ.

ಪಿಟಿಎಸ್‌ಡಿ ಅಂಕಿ ಎಲ್ಲೇ ಕಂಡರೂ ಮೊದಲು ನಾಲ್ಕು ಸಂಗತಿ ಕೇಳಿಕೊಳ್ಳಿ. ನೂರಕ್ಕೆ ಅಂದರೆ ಯಾವ ನೂರು, ಎಲ್ಲ ಜನರೋ ಅಥವಾ ಘಟನೆಗೆ ಸಿಕ್ಕವರೋ? ಈಗ ಕಾಯಿಲೆ ಇರುವವರೋ, ಕಳೆದ ಒಂದು ವರ್ಷದಲ್ಲಿ ಇದ್ದವರೋ, ಬದುಕಿನಲ್ಲಿ ಯಾವಾಗಲಾದರೂ ಬಂದು ಹೋದವರೋ? ತರಬೇತಾದವರು ಕೂತು ಮಾತಾಡಿಸಿ ಪತ್ತೆ ಮಾಡಿದ್ದೋ, ಬರೀ ಪ್ರಶ್ನಾವಳಿ ತುಂಬಿಸಿ ಅಂಕ ಕೂಡಿಸಿದ್ದೋ? ಕೊನೆಯದು, ಘಟನೆಯಾಗಿ ಎಷ್ಟು ದಿನಕ್ಕೆ ಕೇಳಿದ್ದು? ಪ್ರಶ್ನಾವಳಿ ಸಾಮಾನ್ಯವಾಗಿ ಹೆಚ್ಚು ಜನರನ್ನು ಹಿಡಿಯುತ್ತದೆ, ಏಕೆಂದರೆ ಅದರ ಕೆಲಸವೇ ಜರಡಿ ಹಿಡಿಯುವುದು. ಘಟನೆಯಾದ ಎರಡನೇ ತಿಂಗಳಲ್ಲಿ ಕೇಳಿದರೆ ಸಿಗುವ ಸಂಖ್ಯೆ ಎರಡನೇ ವರ್ಷದಲ್ಲಿ ಸಿಗುವುದಿಲ್ಲ, ಎಷ್ಟೋ ಜನ ಅಷ್ಟರಲ್ಲಿ ತಾವಾಗಿಯೇ ಚೇತರಿಸಿಕೊಂಡಿರುತ್ತಾರೆ.

ಈಗ ಆ ಶೇ 0.2 ಎಲ್ಲಿಂದ ಬಂತು ನೋಡೋಣ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಅದರ ಮೂಲ. 12 ರಾಜ್ಯಗಳಲ್ಲಿ 34,802 ವಯಸ್ಕರನ್ನು ಮನೆಗೇ ಹೋಗಿ ಮಾತಾಡಿಸಿದರು. ಆ 12ರಲ್ಲಿ ಕರ್ನಾಟಕ ಇರಲಿಲ್ಲ. ಎಲ್ಲ ಮಾನಸಿಕ ಕಾಯಿಲೆ ಸೇರಿ ಆ ಹೊತ್ತಿಗೆ ಶೇ 10.6 ಜನರಲ್ಲಿ ಏನಾದರೊಂದು ಸಿಕ್ಕಿತು, ಪಿಟಿಎಸ್‌ಡಿ ಶೇ 0.2ರ ಆಸುಪಾಸಿನಲ್ಲಿ ಸಿಕ್ಕಿತು. ಇನ್ನೊಂದು ಕಡೆ ವಿಶ್ವ ಆರೋಗ್ಯ ಸಂಸ್ಥೆಯ ವಿಶ್ವ ಮಾನಸಿಕ ಆರೋಗ್ಯ ಸಮೀಕ್ಷೆಗಳಿವೆ. 24 ದೇಶಗಳ ಸುಮಾರು 69,000 ಜನರಲ್ಲಿ ಶೇ 70ರಷ್ಟು ಮಂದಿ ಬದುಕಿನಲ್ಲಿ ಒಮ್ಮೆಯಾದರೂ ದೊಡ್ಡ ಆಘಾತ ಕಂಡಿದ್ದರು. ಬದುಕಿನಲ್ಲಿ ಯಾವಾಗಲಾದರೂ ಪಿಟಿಎಸ್‌ಡಿ ಬಂದಿದ್ದವರು ಒಟ್ಟು ಜನರಲ್ಲಿ ಶೇ 3.9. ಆಘಾತ ಕಂಡವರನ್ನು ಮಾತ್ರ ತೆಗೆದುಕೊಂಡರೆ ಶೇ 5.6. ಶ್ರೀಮಂತ ದೇಶಗಳಲ್ಲಿ ಒಟ್ಟು ಜನರಲ್ಲಿ ಶೇ 5, ಬಡ ಮತ್ತು ಕೆಳ ಮಧ್ಯಮ ಆದಾಯದ ದೇಶಗಳಲ್ಲಿ ಶೇ 2.1.

ನಿಮ್ಮ ಉಪಕೇಂದ್ರಕ್ಕೆ ಇದನ್ನು ಹಚ್ಚಿ. 5,000 ಜನರಲ್ಲಿ ದೊಡ್ಡವರು ಸುಮಾರು 3,300 ಅಂದುಕೊಳ್ಳಿ. ಶೇ 0.2ರ ಪ್ರಕಾರ ಈ ಹೊತ್ತು ಕಾಯಿಲೆ ಇರುವವರು ಆರೇಳು ಜನ. ಶೇ 2.1ರ ಪ್ರಕಾರ ಬದುಕಿನಲ್ಲಿ ಎಂದಾದರೂ ಬಂದವರು ಎಪ್ಪತ್ತರ ಹತ್ತಿರ. ಆ ಜಾಗತಿಕ ಸಮೀಕ್ಷೆಯಲ್ಲಿ ಕಾಯಿಲೆ ಬಂದವರ ಪೈಕಿ ಅರ್ಧದಷ್ಟು ಜನರಲ್ಲಿ ಲಕ್ಷಣಗಳು ಹೋಗದೆ ಉಳಿದಿದ್ದವು ಅನ್ನುವುದನ್ನೂ ಸೇರಿಸಿಕೊಳ್ಳಿ. ಹಾಗಾಗಿ ಆರೇಳು ಅನ್ನುವುದನ್ನು ಕಡಿಮೆಯಲ್ಲಿ ಕಡಿಮೆ ಅಂತ ಇಟ್ಟುಕೊಂಡು ಹುಡುಕಿ. ನಿಮ್ಮ ರಿಜಿಸ್ಟರಿನಲ್ಲಿ ಈಗ ಸೊನ್ನೆ ಇದ್ದರೆ, ಕಾಯಿಲೆ ಇಲ್ಲ ಅಂತಲ್ಲ, ಯಾರೂ ಕೇಳಿಲ್ಲ ಅಂತ ಅರ್ಥ.

ಮನೆಮನೆ ಸಮೀಕ್ಷೆಯಲ್ಲಿ ಈ ಕಾಯಿಲೆ ತಪ್ಪಿಸಿಕೊಳ್ಳುವ ದಾರಿ ಗೊತ್ತಾದರೆ ನೀವು ಎಚ್ಚರದಿಂದ ಇರಬಹುದು. ಇಂಥ ಸಂದರ್ಶನಗಳಲ್ಲಿ ಪಿಟಿಎಸ್‌ಡಿ ಭಾಗ ಶುರುವಾಗುವುದೇ “ಜೀವಕ್ಕೆ ಕುತ್ತು ತರುವಂಥ ಘಟನೆ ಏನಾದರೂ ಆಗಿತ್ತೇ?” ಅನ್ನುವ ಪ್ರಶ್ನೆಯಿಂದ. “ಇಲ್ಲ” ಅಂದರೆ ಮುಂದಿನ ಪ್ರಶ್ನೆಗಳೆಲ್ಲ ಬಿಟ್ಟು ಹೋಗುತ್ತವೆ. ಪಡಸಾಲೆಯಲ್ಲಿ ಅತ್ತೆ ಕಾಳು ಆರಿಸುತ್ತಾ ಕೂತಿರುವಾಗ, ಗಂಡ ಬಾಗಿಲಲ್ಲಿ ನಿಂತಿರುವಾಗ, ಹೊಡೆತದ ಮಾತು ಯಾವ ಹೆಣ್ಣುಮಗಳು ಎತ್ತುತ್ತಾಳೆ? “ಇಲ್ರೀ” ಅಂದುಬಿಡುತ್ತಾಳೆ. ಅಲ್ಲಿಗೆ ಲೆಕ್ಕ ಮುಗಿಯಿತು. ಎರಡನೆಯದು, ನಮ್ಮ ಜನ ಅಂಜಿಕೆಯನ್ನು ಮೈಯಲ್ಲಿ ಹೇಳುತ್ತಾರೆ: “ಎದಿ ಝಲ್ ಅಂತದ”, “ತಲಿ ಸುಡ್ತದ”, “ನಿದ್ದಿ ಬರವಲ್ದು”, “ಕೈಕಾಲು ಜೋಮು ಹಿಡೀತಾವ”. ಇಸಿಜಿ ಮಾಡಿಸುತ್ತಾರೆ, ಸರಿ ಬರುತ್ತದೆ, ಗ್ಯಾಸಿನ ಗುಳಿಗೆ ಕೊಟ್ಟು ಕಳಿಸುತ್ತಾರೆ. ಮೂರನೆಯದು, ಈ ಕಾಯಿಲೆ ಒಂಟಿಯಾಗಿ ಬರುವುದು ಅಪರೂಪ. ಅಮೆರಿಕದ 1990ರ ದಶಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಪಿಟಿಎಸ್‌ಡಿ ಬಂದ ಗಂಡಸರಲ್ಲಿ ಶೇ 88, ಹೆಂಗಸರಲ್ಲಿ ಶೇ 79 ಮಂದಿಗೆ ಜೊತೆಗೆ ಇನ್ನೊಂದು ಮಾನಸಿಕ ಕಾಯಿಲೆಯೂ ಇತ್ತು. ಗಂಡಸರಲ್ಲಿ ಅದು ಹೆಚ್ಚಾಗಿ ಕುಡಿತ. ಆಗ ಚೀಟಿಯಲ್ಲಿ ಕುಡಿತ ಅಂತಲೋ ಖಿನ್ನತೆ ಅಂತಲೋ ಬರೆಯುತ್ತಾರೆ, ಅದರ ಕೆಳಗಿರುವ ಬೇರು ಹಾಗೇ ಉಳಿಯುತ್ತದೆ.

ಇನ್ನು ಯಾರಲ್ಲಿ ಎಷ್ಟು ಅನ್ನುವ ಮುಖ್ಯ ಪ್ರಶ್ನೆ. ಇಲ್ಲಿ ವ್ಯಕ್ತಿಯ ಉದ್ಯೋಗಕ್ಕಿಂತ ಘಟನೆಯ ಬಗೆ ದೊಡ್ಡದು. ಮೇಲೆ ಹೇಳಿದ 24 ದೇಶಗಳ ಸಮೀಕ್ಷೆಯಲ್ಲಿ ಒಂದು ಘಟನೆಗೆ ಸಿಕ್ಕವರಲ್ಲಿ ಸರಾಸರಿ ಶೇ 4 ಮಂದಿಗೆ ಕಾಯಿಲೆ ಬಂದಿತ್ತು. ಅತ್ಯಾಚಾರಕ್ಕೆ ಒಳಗಾದವರಲ್ಲಿ ಮಾತ್ರ ಅದು ಶೇ 19. ಸಂಗಾತಿಯಿಂದ ಹೊಡೆತ ತಿಂದವರಲ್ಲಿ ಶೇ 11.7, ಅಪಹರಣಕ್ಕೆ ಒಳಗಾದವರಲ್ಲಿ ಶೇ 11, ಬೇರೆ ಬಗೆಯ ಲೈಂಗಿಕ ದೌರ್ಜನ್ಯದಲ್ಲಿ ಶೇ 10.5. ಆಪ್ತರನ್ನು ದಿಢೀರನೆ ಕಳೆದುಕೊಂಡವರಲ್ಲಿ ಶೇ 5.4. ಕೊನೆಯ ಅಂಕಿ ಸಣ್ಣದು ಅಂತ ದಾಟಿ ಹೋಗಬೇಡಿ. ಅಪಾಯ ಕಡಿಮೆಯಿದ್ದರೂ ಅಂಥ ಸಾವು ಬಹಳ ಮನೆಗಳಲ್ಲಿ ಆಗುತ್ತದೆ, ಹಾಗಾಗಿ ಒಟ್ಟು ರೋಗಿಗಳಲ್ಲಿ ಅದರ ಪಾಲು ದೊಡ್ಡದು. ಗುಳೆ ಹೋದಲ್ಲಿ ಕಟ್ಟಡದಿಂದ ಬಿದ್ದ ಮಗ, ಕ್ರಿಮಿನಾಶಕ ಕುಡಿದ ಗಂಡ, ಕಾಲುವೆಯಲ್ಲಿ ಹೋದ ಮಗು, ಇವು ನಿಮ್ಮ ಮರಣ ರಿಜಿಸ್ಟರಿನಲ್ಲೇ ಇವೆ. ಆ ಪುಟ ತೆಗೆದು, ಆ ಮನೆಗಳಲ್ಲಿ ಹೆಣವನ್ನು ಮೊದಲು ಕಂಡವರು ಯಾರು ಅಂತ ನೋಡಿ. ಹುಡುಕಾಟಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಬೇರೆ ಇಲ್ಲ.

ಹೆಣ್ಣು ಗಂಡಿನ ಲೆಕ್ಕ ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಒಂದೇ ದಿಕ್ಕಿಗೆ ಇದೆ. ಅದೇ ಅಮೆರಿಕದ ಸಮೀಕ್ಷೆಯಲ್ಲಿ ಬದುಕಿನಲ್ಲಿ ಒಮ್ಮೆಯಾದರೂ ಪಿಟಿಎಸ್‌ಡಿ ಬಂದವರು ಹೆಂಗಸರಲ್ಲಿ ಶೇ 10.4, ಗಂಡಸರಲ್ಲಿ ಶೇ 5. ಆದರೆ ಆಘಾತ ಕಂಡವರು ಗಂಡಸರಲ್ಲೇ ಹೆಚ್ಚು, ಶೇ 60.7. ಹೆಂಗಸರಲ್ಲಿ ಶೇ 51.2. ಇದನ್ನು ಹೆಣ್ಣು ಮನಸ್ಸು ಮೆತ್ತಗೆ ಅಂತ ಓದುವುದು ಅನ್ಯಾಯ. ಗಂಡಸರಿಗೆ ಹೆಚ್ಚಾಗಿ ಬರುವುದು ಅಪಘಾತ, ಬೀದಿ ಜಗಳ. ಹೆಂಗಸರಿಗೆ ಹೆಚ್ಚಾಗಿ ಬರುವುದು ಲೈಂಗಿಕ ದೌರ್ಜನ್ಯ ಮತ್ತು ಮನೆಯೊಳಗಿನ ಹೊಡೆತ, ಅದೂ ಹೊಡೆದವನ ಜೊತೆಯಲ್ಲೇ ಬಾಳಬೇಕಾದ ಸ್ಥಿತಿಯಲ್ಲಿ. ಅತ್ಯಾಚಾರಕ್ಕೆ ಒಳಗಾದ ಗಂಡಸರಲ್ಲಿ ಅದೇ ಅಮೆರಿಕದ ಸಮೀಕ್ಷೆ ಶೇ 65 ಮಂದಿಗೆ ಪಿಟಿಎಸ್‌ಡಿ ಕಂಡಿತ್ತು, ಹೆಂಗಸರಲ್ಲಿ ಶೇ 46 (ಅಳೆದ ಬಗೆ ಬೇರೆ, ಮೇಲಿನ ಶೇ 19ರ ಜೊತೆ ಹೋಲಿಸಬೇಡಿ). ಅಂದಮೇಲೆ ಘಟನೆ ಯಾವುದು ಅನ್ನುವುದೇ ಬಹುಪಾಲು ನಿರ್ಧರಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಈ ಅಂಕಿಯನ್ನು ಶೇ 11.7ರ ಪಕ್ಕದಲ್ಲಿ ಇಟ್ಟು ಒಮ್ಮೆ ಯೋಚಿಸಿ. ನಿಮ್ಮ ಉಪಕೇಂದ್ರದ ಅತಿ ದೊಡ್ಡ ಗುಂಪು ಇಲ್ಲೇ ಇದೆ, ನನಗೆ ಇದರಲ್ಲಿ ಅನುಮಾನವಿಲ್ಲ. ಎಳೆವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡ ಮಾಜಿ ದೇವದಾಸಿ ಹೆಣ್ಣುಮಕ್ಕಳು ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಇದ್ದಾರೆ. 1982ರ ಕಾಯ್ದೆ ಆ ಪದ್ಧತಿಯನ್ನು ನಿಷೇಧಿಸಿದೆ, ಅನುಭವಿಸಿದವರ ಮನಸ್ಸಿನ ಗಾಯಕ್ಕೆ ಮದ್ದು ಕೊಡುವ ಕೆಲಸ ಮಾತ್ರ ನಮ್ಮದು. ಒಂದೇ ಪೆಟ್ಟಿಗಿಂತ ಮೇಲಿಂದ ಮೇಲೆ ಬಿದ್ದ ಪೆಟ್ಟು ಹೆಚ್ಚು ಕೆಡಿಸುತ್ತದೆ, ಚಿಕ್ಕಂದಿನಲ್ಲಿ ಬಿದ್ದದ್ದು ಇನ್ನೂ ಹೆಚ್ಚು.

ಸೈನಿಕರ ವಿಷಯ ಬೇಗ ಮುಗಿಸುತ್ತೇನೆ. ಈ ಕಾಯಿಲೆಗೆ ಹೆಸರು ಸಿಕ್ಕಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದವರ ಸುತ್ತ ನಡೆದ ಚರ್ಚೆಯ ಫಲವಾಗಿ. ಸೈನಿಕರ ಕಾಯಿಲೆ ಅನ್ನುವ ಮಾತು ಅಲ್ಲಿಂದ ಅಂಟಿಕೊಂಡಿದೆ. ಆ ಯುದ್ಧಕ್ಕೆ ಹೋದ ಗಂಡಸರಲ್ಲಿ ಶೇ 30.9 ಮಂದಿಗೆ ಬಂದಿತ್ತು ಅಂತ ಮೊದಲು ಲೆಕ್ಕ ಹಾಕಿದರು. 2006ರಲ್ಲಿ ಅದೇ ದಾಖಲೆಗಳನ್ನು ಬಿಗಿಯಾಗಿ ಮತ್ತೆ ಪರಿಶೀಲಿಸಿದಾಗ ಶೇ 18.7ಕ್ಕೆ ಇಳಿಯಿತು. ಅದೇ ಜನ, ಅದೇ ಯುದ್ಧ, ಅಳೆಯುವ ಕೋಲು ಬದಲಾದದ್ದಕ್ಕೆ ಇಷ್ಟು ಅಂತರ. ಬ್ರಿಟಿಷ್ ಸೇನೆಯ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟಾರೆ ಶೇ 6ರ ಆಸುಪಾಸು. ಯುದ್ಧಭೂಮಿಯ ನಡುವೆ ಬದುಕುವ ಸಾಮಾನ್ಯ ಜನರ ಲೆಕ್ಕ ಇದಕ್ಕಿಂತ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ಅಂದಾಜು ಶೇ 15.3. 2015ರಲ್ಲಿ ಕಾಶ್ಮೀರ ಕಣಿವೆಯ ವಯಸ್ಕರಲ್ಲಿ ನಡೆದ ಸಮೀಕ್ಷೆಯಲ್ಲಿ ಶೇ 19 ಮಂದಿಗೆ ಲಕ್ಷಣಗಳಿದ್ದವು. ಅಗ್ನಿಶಾಮಕ, ಪೊಲೀಸ್, ಆಂಬುಲೆನ್ಸ್ ಮುಂತಾದ ರಕ್ಷಣಾ ಸಿಬ್ಬಂದಿಯಲ್ಲಿ ಜಗತ್ತಿನಾದ್ಯಂತ ಸುಮಾರು ಶೇ 10, ಅದರಲ್ಲೂ ಆಂಬುಲೆನ್ಸಿನವರಲ್ಲಿ ಹೆಚ್ಚು. ನಿಮ್ಮ ಭಾಗದ 108 ಸಿಬ್ಬಂದಿಯನ್ನು ಒಮ್ಮೆ ನೆನೆಸಿಕೊಳ್ಳಿ.

ನೆರೆ, ಚಂಡಮಾರುತದಂಥ ವಿಕೋಪಗಳಲ್ಲಿ ಅಂಕಿ ಬಹಳ ಏರಿಳಿಯುತ್ತದೆ. 2004ರ ಸುನಾಮಿಯಾದ ಎರಡು ತಿಂಗಳಿಗೆ ತಮಿಳುನಾಡಿನ ಕರಾವಳಿಯ ಒಂದು ಹಳ್ಳಿಯ ವಯಸ್ಕರಲ್ಲಿ ಶೇ 12.7. ಒಡಿಶಾದ 1999ರ ಚಂಡಮಾರುತವಾಗಿ ವರ್ಷದ ಮೇಲೆ ಹದಿಹರೆಯದ ಮಕ್ಕಳ ಒಂದು ಸಣ್ಣ ಗುಂಪಿನಲ್ಲಿ ಶೇ 26.9. ಇಲ್ಲಿ ತೂಗಿ ನೋಡಬೇಕಾದದ್ದು ನೀರು ಎಷ್ಟು ಅಡಿ ಬಂತು ಅನ್ನುವುದಲ್ಲ. ಮನೆಯವರು ಸತ್ತರೇ, ತಾನೇ ಸಾಯುತ್ತೇನೆ ಅನ್ನಿಸಿತ್ತೇ, ಆಮೇಲೆ ಎಷ್ಟು ವರ್ಷ ನೆಲೆಯಿಲ್ಲದೆ ಇದ್ದರು ಅನ್ನುವುದು ಮುಖ್ಯ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆಯಲ್ಲಿ ಕೃಷ್ಣೆ ತುಂಗಭದ್ರೆಯ ದಂಡೆಯ ಎಷ್ಟೋ ಹಳ್ಳಿಗಳು ಮುಳುಗಿದವು. ಆಗ ಹತ್ತು ವರ್ಷದವರಾಗಿದ್ದ ಮಕ್ಕಳೇ ಈಗ ನಿಮ್ಮ ಕೇಂದ್ರಕ್ಕೆ ಬಾಣಂತಿಯರಾಗಿ, ಬಾಣಂತಿಯರ ಗಂಡಂದಿರಾಗಿ ಬರುತ್ತಿದ್ದಾರೆ. ಹೊಳೆಗೆ ನೀರು ಬಿಟ್ಟ ಸುದ್ದಿ ಕೇಳಿದ ರಾತ್ರಿ ಯಾರು ಮಲಗುವುದಿಲ್ಲ ಅಂತ ಆಶಾ ಕಾರ್ಯಕರ್ತೆಯರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ಯಾರ ಪಟ್ಟಿಗೂ ಬಾರದ ಗುಂಪು ಆಸ್ಪತ್ರೆಯಿಂದ ಬದುಕಿ ಬಂದವರದು. ರಸ್ತೆ ಅಪಘಾತದಲ್ಲಿ ಉಳಿದವರಲ್ಲಿ ಸುಮಾರು ಐದರಲ್ಲೊಬ್ಬರಿಗೆ, ಹೃದಯಾಘಾತವಾಗಿ ಉಳಿದವರಲ್ಲಿ ಶೇ 12ರಷ್ಟು ಮಂದಿಗೆ, ಐಸಿಯುನಲ್ಲಿ ಇದ್ದು ಬಂದವರಲ್ಲಿ ವರ್ಷದ ಹತ್ತಿರ ಹತ್ತಿರಕ್ಕೂ ಐದರಲ್ಲೊಬ್ಬರಿಗೆ ಲಕ್ಷಣಗಳಿರುತ್ತವೆ. ಹೆರಿಗೆಯೂ ಇದರಲ್ಲಿ ಸೇರಿದೆ. ಸಾಮಾನ್ಯ ಬಾಣಂತಿಯರಲ್ಲಿ ಶೇ 4, ಕೂಸು ಸತ್ತು ಹುಟ್ಟಿದ್ದು, ತುರ್ತು ಸಿಸೇರಿಯನ್, ವಿಪರೀತ ರಕ್ತಸ್ರಾವ ಇಂಥ ತೊಡಕಿನವರಲ್ಲಿ ಶೇ 18.5. ವರ್ಷಕ್ಕೆ ನಿಮ್ಮಲ್ಲಿ 80–90 ಹೆರಿಗೆ ಇದ್ದರೆ ಮೂರು ನಾಲ್ಕು ತಾಯಂದಿರು ಅಂದಹಾಗಾಯಿತು. ಮುಂದಿನ ಬಸುರಿಗೆ ತಪಾಸಣೆಗೇ ಬಾರದೆ ತಪ್ಪಿಸಿಕೊಳ್ಳುವವರಲ್ಲಿ ಇವರೂ ಇರುತ್ತಾರೆ. ಅದನ್ನು ಸೋಮಾರಿತನ ಅಂತ ಬೈಯಬಾರದು.

ಹಾವಿನ ಕಡಿತದ್ದಂತೂ ನಮ್ಮ ಭತ್ತದ ಸೀಮೆಗೆ ನೇರ ಸಂಬಂಧಿಸಿದ ಮಾತು. ಶ್ರೀಲಂಕಾದ ಅಧ್ಯಯನವೊಂದರಲ್ಲಿ ವಿಷ ಏರಿ ಬದುಕಿ ಉಳಿದವರಲ್ಲಿ ಶೇ 21.6 ಮಂದಿಗೆ ವರ್ಷ ದಾಟಿದ ಮೇಲೂ ಪಿಟಿಎಸ್‌ಡಿ ಇತ್ತು. ಕಳೆ ಕೀಳುವಾಗ ಕಚ್ಚಿಸಿಕೊಂಡ ಹೆಣ್ಣುಮಗಳೊಬ್ಬಳಲ್ಲಿ ಇದು ಹೇಗಿರುತ್ತದೆ ನೋಡಿ. ಕಾಲಿನ ಗಾಯ ಮಾಗಿರುತ್ತದೆ. ಆದರೆ ರಾತ್ರಿ ಲೈಟ್ ಆರಿಸಲು ಬಿಡುವುದಿಲ್ಲ. ಮಲಗುವ ಮೊದಲು ಕೌದಿ ಕೊಡವುತ್ತಾಳೆ, ಮಂಚದ ಕೆಳಗೆ ಟಾರ್ಚ್ ಹಾಕುತ್ತಾಳೆ, ನಡುರಾತ್ರಿ ಎದ್ದು ಮತ್ತೆ ಹಾಕುತ್ತಾಳೆ. ಹಗ್ಗ ಕಂಡರೆ ಕಿರುಚುತ್ತಾಳೆ. ನೀರು ನಿಂತ ಗದ್ದೆಗೆ ಕಾಲಿಡಲಾರಳು, ಹಾಗಾಗಿ ನಾಟಿ, ಕಳೆ ಎರಡೂ ಸೀಸನ್ನಿನ ಕೂಲಿ ಹೋಯಿತು. ಕೇಳಿದರೆ “ಕಾಲು ಜೋಮರೀ” ಅನ್ನುತ್ತಾಳೆ. ಹಳೆ ವಿಷದ ಅಂಶ ಉಳಿದಿದೆ ಅಂತ ಮನೆಯವರು ನಾಟಿ ಔಷಧಿ ಕುಡಿಸುತ್ತಿರುತ್ತಾರೆ. ಕರ್ನಾಟಕದಲ್ಲಿ 2024ರಿಂದ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು. ಆ ವರದಿಯ ಹೆಸರುಗಳೇ ನಿಮಗೆ ಸಿದ್ಧ ಪಟ್ಟಿ. ಒಂದೂವರೆ ತಿಂಗಳಿಗೆ ಒಮ್ಮೆ, ಆರು ತಿಂಗಳಿಗೆ ಒಮ್ಮೆ ಮನೆಗೆ ಹೋಗಿ.

ಮಕ್ಕಳಲ್ಲಿ: ಆಘಾತಕ್ಕೆ ಸಿಕ್ಕ ಮಕ್ಕಳ ಪೈಕಿ ಒಟ್ಟಾರೆ ಶೇ 16. ಅಪಘಾತದಂಥದ್ದಕ್ಕೆ ಸಿಕ್ಕ ಗಂಡುಮಕ್ಕಳಲ್ಲಿ ಶೇ 8, ಮನುಷ್ಯರಿಂದಲೇ ಹಿಂಸೆಗೊಳಗಾದ ಹೆಣ್ಣುಮಕ್ಕಳಲ್ಲಿ ಶೇ 33. ಮಗು ಬಾಯಿ ಬಿಟ್ಟು ಹೇಳುವುದಿಲ್ಲ. ಅದೇ ಘಟನೆಯನ್ನು ಆಟದಲ್ಲಿ ಮತ್ತೆ ಮತ್ತೆ ಆಡುತ್ತದೆ, ಬಿಟ್ಟುಹೋಗಿದ್ದ ಹಾಸಿಗೆಯಲ್ಲಿ ಉಚ್ಚೆ ಮತ್ತೆ ಶುರುವಾಗುತ್ತದೆ, ಶಾಲೆ ಅಂದರೆ ಹೊಟ್ಟೆನೋವು. ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ನಿಮ್ಮ ಮೇಲೂ ಕಡ್ಡಾಯ. ಕೇಳುವ ಮೊದಲೇ ಅದಕ್ಕೆ ಸಿದ್ಧರಾಗಿರಿ.

ಈಗ ಕೇಳುವ ಕ್ರಮ. ಘಟನೆಯಾಗಿ ಒಂದು ತಿಂಗಳಾಗದೆ ಪಿಟಿಎಸ್‌ಡಿ ಅನ್ನುವಂತಿಲ್ಲ. ಮೊದಲ ವಾರಗಳಲ್ಲಿ ನಿದ್ದೆಗೇಡು, ಬೆಚ್ಚುವುದು ಬಹುತೇಕ ಎಲ್ಲರಿಗೂ ಇರುತ್ತದೆ, ಹೆಚ್ಚಿನವರಲ್ಲಿ ಇಳಿಯುತ್ತದೆ. ಬಿಪಿ ನೋಡುವ ನೆಪದಲ್ಲಿ ಒಬ್ಬರನ್ನೇ ಒಳಗೆ ಕರೆಯಿರಿ. ಜೊತೆಗೆ ಬಂದವರನ್ನು ಚೀಟಿ ಮಾಡಿಸಲು ಹೊರಗೆ ಕಳಿಸಿ. “ಬದುಕಿನಾಗ ಜೀವ ಹೋದಂಗ ಆಗಿದ್ದು, ಮರಿಯಾಕ ಆಗದಂಥಾದ್ದು ಏನರ ನಡದದೇನ್ರಿ? ಏನಂತ ಹೇಳೂದು ಬ್ಯಾಡ, ಹೌದು ಇಲ್ಲ ಅಂದ್ರ ಸಾಕು” ಅನ್ನಿ. ವಿವರ ಕೆದಕಬೇಡಿ. ಹೌದು ಅಂದರೆ ಕಳೆದ ಒಂದು ತಿಂಗಳ ಬಗ್ಗೆ ಐದು ಮಾತು ಕೇಳಿ: ಬೇಡವೆಂದರೂ ಅದೇ ನೆನಪಾಗುತ್ತದೆಯೇ, ಕೆಟ್ಟ ಕನಸು ಬೀಳುತ್ತದೆಯೇ? ಆ ಜಾಗ, ಆ ಮಾತು, ಆ ಜನರನ್ನು ತಪ್ಪಿಸಲು ಹೆಣಗುತ್ತೀರಾ? ಸದಾ ಎಚ್ಚರದಲ್ಲಿರುತ್ತೀರಾ, ಸಣ್ಣ ಸಪ್ಪಳಕ್ಕೂ ಬೆಚ್ಚುತ್ತೀರಾ? ಮನೆಮಕ್ಕಳ ಜೊತೆಯಲ್ಲಿದ್ದರೂ ಮನಸ್ಸು ಮರಗಟ್ಟಿದಂತಿದೆಯೇ? ನನ್ನಿಂದಲೇ ಆಯಿತು ಅಂತ ಬಿಡದೆ ಅನ್ನಿಸುತ್ತದೆಯೇ? ಮೂರಕ್ಕೆ ಹೌದು ಬಂದರೆ ವೈದ್ಯರ ಬಳಿ ಕಳಿಸಿ. ಇದು ಜರಡಿ ಅಷ್ಟೇ, ಕಾಯಿಲೆಯ ತೀರ್ಮಾನ ಅವರದು. ಕೊನೆಯಲ್ಲಿ ಸಾಯುವ ಯೋಚನೆ ಬರುತ್ತದೆಯೇ ಅಂತ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅದೇ ದಿನ, ಒಬ್ಬರನ್ನು ಜೊತೆ ಮಾಡಿ ಕಳಿಸಬೇಕು.

ಎರಡು ತಪ್ಪುಗಳು ಬಹಳ ನಡೆಯುತ್ತವೆ. ಅವಘಡವಾದ ಮರುದಿನವೇ ಎಲ್ಲರನ್ನೂ ಸುತ್ತ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವುದು ಒಂದು. ಅದರಿಂದ ಕಾಯಿಲೆ ತಡೆಯುವುದಿಲ್ಲ, ಕೆಲವರಿಗೆ ಹೆಚ್ಚಾಗುತ್ತದೆ. ಆ ದಿನಗಳಲ್ಲಿ ಬೇಕಾದದ್ದು ಊಟ, ಸುರಕ್ಷಿತ ಜಾಗ, ಮನೆಯವರ ಸುದ್ದಿ, ಪಕ್ಕದಲ್ಲಿ ಒಬ್ಬರು. ಇನ್ನೊಂದು, ನಿದ್ದೆಗೆಂದು ಆಲ್‌ಪ್ರಜೋಲಾಮ್ ಕೊಟ್ಟು ತಿಂಗಳುಗಟ್ಟಲೆ ಮುಂದುವರಿಸುವುದು. ಅದು ಪಿಟಿಎಸ್‌ಡಿಗೆ ಔಷಧವಲ್ಲ, ಚಟ ಮಾತ್ರ ಉಳಿಯುತ್ತದೆ. ಸರಿಯಾದ ಚಿಕಿತ್ಸೆ ಆಘಾತವನ್ನೇ ಗುರಿಯಾಗಿಟ್ಟ ಮಾತಿನ ಚಿಕಿತ್ಸೆ, ಸಾಮಾನ್ಯವಾಗಿ 8ರಿಂದ 12 ಬೈಠಕ್. ಬೇಕಾದವರಿಗೆ ವೈದ್ಯರು ಸರ್ಟ್ರಾಲಿನ್‌ನಂಥ ಗುಳಿಗೆ ಬರೆಯುತ್ತಾರೆ. ಗುಣ ಕಾಣಲು ನಾಲ್ಕರಿಂದ ಎಂಟು ವಾರ ಬೇಕು ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಹತ್ತನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ವಾಸಿಯಾದ ಮೇಲೂ ವರ್ಷದಷ್ಟು ಮುಂದುವರಿಸಬೇಕಾಗುತ್ತದೆ.

ಕಳಿಸುವುದು ಎಲ್ಲಿಗೆ ಅನ್ನುವ ಚಿಂತೆ ಮಾಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಮನೋರೋಗಕ್ಕೆ ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್ ಒಂದಿಡೀ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದು 1985ರಿಂದ, ನಮ್ಮ ಪಕ್ಕದ ಬಳ್ಳಾರಿಯಲ್ಲಿ. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಇಂದು ನಿಮ್ಮ ಜಿಲ್ಲೆಯಲ್ಲೂ ಆ ತಂಡವಿದೆ. ತಾಲ್ಲೂಕು ಮಟ್ಟದಲ್ಲಿ ಮನಸ್ಸಿನ ಕಾಯಿಲೆಗೆಂದೇ ನಡೆಯುವ ಮನೋಚೈತನ್ಯ ಕ್ಲಿನಿಕ್ ಮಂಗಳವಾರದ್ದು, ತಾಲ್ಲೂಕು ಆಸ್ಪತ್ರೆಗೆ ಒಮ್ಮೆ ಫೋನ್ ಮಾಡಿ ದಿನ ಖಚಿತಪಡಿಸಿಕೊಂಡು ಕಳಿಸಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ರಾತ್ರಿ ಹೊತ್ತಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಹೋಗುವುದಿಲ್ಲ. ಹೊಡೆತದ ಮನೆಯಿದ್ದರೆ ಹೆಣ್ಣುಮಕ್ಕಳ ಸಹಾಯವಾಣಿ 181.

ಕೊನೆಗೆ ರಿಜಿಸ್ಟರಿನ ಮಾತು. ಘಟನೆಯ ಬಗೆ, ಅದು ನಡೆದ ತಿಂಗಳು ಮತ್ತು ವರ್ಷ, ಐದರಲ್ಲಿ ಎಷ್ಟಕ್ಕೆ ಹೌದು, ಕಳಿಸಿದ ದಿನ, ಮರಳಿ ಬಂದ ದಿನ ಇಷ್ಟೇ ಬರೆಯಿರಿ. ಅತ್ಯಾಚಾರ, ಗಂಡನ ಹೊಡೆತ ಇಂಥ ವಿವರವನ್ನು ಮೇಜಿನ ಮೇಲಿರುವ ಒಪಿಡಿ ಪುಸ್ತಕದಲ್ಲಿ ಬರೆಯಬೇಡಿ. ಬೀಗ ಹಾಕಿಡುವ ಬೇರೆ ಪುಸ್ತಕ ಮಾಡಿ, ಹೆಸರಿನ ಬದಲು ಕ್ರಮಸಂಖ್ಯೆ ಹಾಕಿ. ಆಶಾ ಕಾರ್ಯಕರ್ತೆಯರಿಗೂ ಮನೆಯ ಸಂಖ್ಯೆ ಮತ್ತು ಯಾವ ದಿನ ಹೋಗಬೇಕು ಅನ್ನುವುದಷ್ಟೇ ಸಾಕು.